ಆಟದ ಬಾಯಿ

ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ಶಾಲೆಯಲ್ಲಾದರೆ ಪಾಠ ಹೇಳುವ ಹೆಂಗಸು. ಕನ್ನಡದಲ್ಲಿ ಬಾಯಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ ನಾನು ಒಂದು ಶಾಲೆಯಲ್ಲಿ ಆಟ ಕಲಿಸುವ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಅಲ್ಲಿಯ ಸಿಪಾಯಿ ತರಗತಿಯ ಬಾಗಿಲಲ್ಲಿ ನಿಂತು, "ಖೇಳಾಚ್ಯಾ ಬಾಯಿ ಆಲ್ಯಾ" ಎಂದು ಸಾರಿದ. ಆಟದ ಬಾಯಿ ಬಂದರು, ಎಂದು. ನನಗಾಗ ಮರಾಠಿ ಅಷ್ಟಕ್ಕಷ್ಟೇ. ಬಾಯಿಗೇನಾದರೂ ಅಂಟಿಕೊಂಡಿದೆಯೋ ಎಂದು ಗಾಬರಿಯಾಗಿ ಕರವಸ್ತ್ರದಿಂದ ತುಟಿ ಒರೆಸಿಕೊಂಡೆ.

ಸಂಜೆ ಇದನ್ನು ಹೇಳಿದಾಗ ನಮ್ಮ ಯಜಮಾನರು ಚಹಾ ನೆತ್ತಿಗೇರುವಷ್ಟು ನಕ್ಕರು. "ಸಿಪಾಯಿ ಖರೇನ ಹೇಳ್ಯಾನ. ಮರಾಠಿಯೊಳಗ ಅಂದ್ರೂ ಅದ, ಕನ್ನಡದೊಳಗ ಅಂದ್ರೂ ಅದ. ಆಟದ ಬಾಯಿ" ಎಂದರು. ಅವರು ಬೆಳಗಾವಿಯವರು, ಇಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಾತಿಗೆ ಮಾತು ಜೋಡಿಸುವುದರಲ್ಲಿ ಎತ್ತಿದ ಕೈ. ಅಂದಿನಿಂದ ಮನೆಯಲ್ಲಿ ನನ್ನ ಹೆಸರು ಅದೇ ಆಯಿತು. ಮುಂದೆ ನಾನು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಆದೆ, ಹುಡುಗಿಯರು ಮ್ಯಾಡಮ್ ಎನ್ನತೊಡಗಿದರು, ಊರು ಬೆಳೆಯಿತು, ನಮ್ಮಿಬ್ಬರ ತಲೆ ಬೆಳ್ಳಗಾಯಿತು. ಮನೆಯಲ್ಲಿ ಮಾತ್ರ ಹೆಸರು ಬದಲಾಗಲಿಲ್ಲ.

ಬಾಯಿ ಜೋರು ಎನ್ನುವುದನ್ನು ನಾನು ಯಾವತ್ತೂ ಬೈಗುಳವೆಂದು ತಿಳಿದವಳಲ್ಲ. ನಮ್ಮ ಕೋರ್ಟ್ ಕಾಲೇಜಿನ ಹಿಂದೆ, ಕ್ಯಾಂಟೀನಿನ ಗೋಡೆಗೆ ಒತ್ತಿಕೊಂಡಿದೆ. ಸಿಮೆಂಟಿನ ನೆಲ, ಒಂದು ಬದಿಗೆ ಬೇವಿನ ಮರ. ಬೆಳಿಗ್ಗೆ ಹುಡುಗಿಯರು ಬರುವ ಮೊದಲೇ ಎಲೆ ಗುಡಿಸಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ. ಆ ಕೋರ್ಟಿನಲ್ಲಿ ನಿಂತು ನಾನು ಕೂಗಿದರೆ ಹೊರಗೆ ರಸ್ತೆಯಲ್ಲಿ ಕೊತ್ತಂಬರಿ ಮಾರುವವಳಿಗೂ ಯಾವ ಹುಡುಗಿ ಯಾವ ತಪ್ಪು ಮಾಡಿದಳೆಂದು ಗೊತ್ತಾಗುತ್ತಿತ್ತು. "ಇವತ್ತು ಆ ಕುಳ್ಳಿಗೆ ಬಹಳ ಬೈದಿರಲ್ಲ" ಎಂದು ಆಕೆ ಸೊಪ್ಪು ಕಟ್ಟಿಕೊಡುತ್ತ ಕೇಳುತ್ತಿದ್ದಳು. ಪಂದ್ಯಗಳಿಗೆ ಎದುರಾಳಿ ಕಾಲೇಜಿನವರು ಢೋಲು ತಂದು ಬಡಿಯುತ್ತಾರೆ. ಇದು ಪುಣೆ, ಇಲ್ಲಿ ಢೋಲಿಗೆ ನೆಪ ಬೇಡ. ನನ್ನ ದನಿ ಆ ಢೋಲಿನ ಮೇಲೆ ಹತ್ತಿ ಹೋಗುತ್ತಿತ್ತು. ನನಗೆ ಅದರ ಬಗ್ಗೆ ಜಂಬವಿತ್ತು.

ಮರಾಠಿ ನನಗೆ ಕಲಿಸಿದ್ದು ಆ ಹುಡುಗಿಯರೇ. ಮರಾಠಿಯಲ್ಲಿ ಚೆಂಡು ಗಂಡಸು, ಗೋಡೆ ಹೆಂಗಸು. ನಾವು ಕನ್ನಡದವರು ಜೀವವಿಲ್ಲದ ಎಲ್ಲವನ್ನೂ ಅದು, ಇದು ಎಂದು ಒಂದೇ ಗಂಟಿಗೆ ಕಟ್ಟಿ ಬಿಸಾಕಿದವರು. ಎಷ್ಟೋ ವರ್ಷ ನಾನು ಚೆಂಡನ್ನು ಹೆಂಗಸು ಮಾಡಿ ಮಾತಾಡಿದೆ. ಹುಡುಗಿಯರು ತಲೆ ತಗ್ಗಿಸಿ ಒಳಗೊಳಗೇ ನಗುತ್ತಿದ್ದರು. ಕ್ರಮೇಣ ನಾಲಿಗೆ ಪಳಗಿತು. ಆಟ ತಿಳಿಸಿ ಹೇಳುವಾಗ ಮರಾಠಿ, ನಿಯಮ ಹೇಳುವಾಗ ಇಂಗ್ಲಿಷು. ಆದರೆ ಪಂದ್ಯದ ಕಾವು ಏರಿ ಕೊನೆಯ ನಿಮಿಷಗಳು ಬಂದವೆಂದರೆ ನನ್ನ ಬಾಯಲ್ಲಿ ಕನ್ನಡವೊಂದೇ ಉಳಿಯುತ್ತಿತ್ತು. ತಡಿ, ಓಡು, ಬಿಡಬ್ಯಾಡ. ಎಲ್ಲಕ್ಕಿಂತ ಹೆಚ್ಚಾಗಿ, "ಹಾಕ್!"

ಧಾರವಾಡದ ಮಣ್ಣಿನ ಕೋರ್ಟಿನಲ್ಲಿ ನಾವು ಆಡುವಾಗ ಶೂಟ್ ಎಂದು ಯಾರೂ ಅನ್ನುತ್ತಿರಲಿಲ್ಲ. ರಿಂಗಿನ ಹತ್ತಿರ ಚೆಂಡು ಸಿಕ್ಕಿತೇ, ಹಾಕು. ನಮ್ಮ ಕಡೆಯ ಬಾಯಲ್ಲಿ ಅದು ಹಾಕ್. ಪುಣೆಗೆ ಬಂದ ಮೇಲೂ ಆಟದ ಬಿಸಿಯಲ್ಲಿ ಅದೇ ಹೊರಡುತ್ತಿತ್ತು. ಹಾಗೆಂದರೇನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಎಂದುಕೊಂಡು ನಾನೂ ಹೇಳಲಿಲ್ಲ.

ನಮ್ಮ ತಂಡಕ್ಕೆ ಒಂದು ಹೆಸರಿತ್ತು. ಕೋರ್ಟಿನಲ್ಲಿ ನಮ್ಮಷ್ಟು ಮಾತಾಡುವ ತಂಡ ಬೇರೆಯಿಲ್ಲ. ಬೇರೆ ಕಾಲೇಜಿನ ಹುಡುಗಿಯರು ಮೂಕರ ಹಾಗೆ ಓಡಾಡುತ್ತಿದ್ದರೆ ನಮ್ಮವರು "ಇಕಡೆ, ಇಕಡೆ" ಎಂದು ಒಬ್ಬರನ್ನೊಬ್ಬರು ಕರೆಯುತ್ತಲೇ ಇರುತ್ತಿದ್ದರು. ಈ ಕಡೆ ಎನ್ನುವುದಕ್ಕೆ ಮರಾಠಿಗೂ ನಮ್ಮ ಧಾರವಾಡದ ಕನ್ನಡಕ್ಕೂ ಅದೊಂದೇ ಶಬ್ದ, ಹಾಗಾಗಿ ನನಗೆ ಕೇಳಲು ಹಿತ. ಉಳಿದ ಕೋಚ್‌ಗಳು ಬಂದು, ಇದನ್ನು ಹೇಗೆ ಕಲಿಸಿದಿರಿ, ನಮ್ಮವರು ಬಾಯಿಯೇ ಬಿಡುವುದಿಲ್ಲ ಎಂದು ಕೇಳುತ್ತಿದ್ದರು. ನಾನು ಗಂಭೀರವಾಗಿ, "ಅದು ಅಭ್ಯಾಸದಿಂದ ಬರಬೇಕು" ಎಂದು ಉತ್ತರಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಅದನ್ನು ಕಲಿಸಿರಲೇ ಇಲ್ಲ. ವರ್ಷದಿಂದ ವರ್ಷಕ್ಕೆ ನನ್ನ ಪಾಲಿಗೆ ಬಾಯಿಬಡುಕ ಹುಡುಗಿಯರೇ ಬರುತ್ತಾರೆ, ಗುರುವಿಗೆ ತಕ್ಕ ಶಿಷ್ಯೆಯರು ಎಂದು ಸುಮ್ಮನಿದ್ದೆ.

ಈಚಿನ ತಂಡದಲ್ಲಿ ಇಬ್ಬರು ಹುಡುಗಿಯರ ವಿಷಯ ಹೇಳಬೇಕು. ಒಬ್ಬಳು ನಾಯಕಿ, ಪುಣೆಯದೇ ಖಡಕಿ ಭಾಗದವಳು. ಅವಳ ತಂದೆಗೆ ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ. ಹುಡುಗಿ ಗಿಡ್ಡ, ಚುರುಕು, ಯಾರಿಗೂ ಹೆದರದವಳು. ಸೊಪ್ಪಿನವಳು ಕುಳ್ಳಿ ಎನ್ನುತ್ತಿದ್ದುದು ಇವಳಿಗೇ. ಇನ್ನೊಬ್ಬಳು ಭೋರ್ ಎಂಬ ಸಣ್ಣ ಊರಿನಿಂದ ಬಂದು ಹಾಸ್ಟೆಲಿನಲ್ಲಿದ್ದವಳು. ಉದ್ದನೆಯ ಹುಡುಗಿ, ಮಾತು ಕಡಿಮೆ. ನಾನು ಕಂಡ ಹುಡುಗಿಯರಲ್ಲೇ ಅವಳಷ್ಟು ಒಳ್ಳೆಯ ಕೈ ಇನ್ನೊಂದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ತಾನೇ ಎಲೆ ಗುಡಿಸಿ, ಒಬ್ಬಳೇ ರಿಂಗಿಗೆ ಚೆಂಡು ಹಾಕುತ್ತ ನಿಲ್ಲುತ್ತಿದ್ದಳು. ನಾನು ಗೇಟಿನಲ್ಲಿ ಚಪ್ಪಲಿ ಬಿಚ್ಚಿ ಬೂಟು ಹಾಕಿಕೊಳ್ಳುವಾಗ ಕೇಳುತ್ತಿತ್ತು, ಬೋರ್ಡಿಗೆ ತಾಗದೆ ನೇರ ಬಲೆಯೊಳಗೆ ಇಳಿಯುವ ಸದ್ದು.

ಅದೇ ಹುಡುಗಿ ಪಂದ್ಯದಲ್ಲಿ ಚೆಂಡು ಹಾಕುತ್ತಿರಲಿಲ್ಲ. ರಿಂಗಿನ ಕೆಳಗೆ ಚೆಂಡು ಸಿಕ್ಕಿ, ಎದುರಿಗೆ ಯಾರೂ ಇಲ್ಲದಾಗ ನಾನು ಗಂಟಲು ಹರಿಯುವ ಹಾಗೆ "ಹಾಕ್!" ಎನ್ನುತ್ತಿದ್ದೆ. ಅವಳು ತಲೆ ಎತ್ತಿ ಸುತ್ತ ನೋಡಿ, ಯಾರನ್ನೋ ಹೆಸರು ಹಿಡಿದು ಕರೆದು, ಅವರಿಗೆ ಚೆಂಡು ಕೊಟ್ಟುಬಿಡುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಆಟ ಮುಗಿದ ಮೇಲೆ, "ಕಿವಿ ಇದೆಯೋ ಇಲ್ಲವೋ? ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ?" ಎಂದರೆ, "ಹೋ ಮ್ಯಾಡಮ್" ಎಂದು, ಅಂದರೆ ಹೌದು ಎಂದು, ತಲೆ ತಗ್ಗಿಸುತ್ತಿದ್ದಳು. ಮುಂದಿನ ಸಲ ಇನ್ನೂ ಜೋರಾಗಿ ಕರೆದು ಕೊಡುತ್ತಿದ್ದಳು. ಇಂಥ ಹುಡುಗಿಯನ್ನು ಏನು ಮಾಡುವುದೆಂದು ನನಗೆ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ನನ್ನ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದುಕೊಂಡೆ. ಜ್ಯೇಷ್ಠಮಧು ಅಗಿದೆ, ಅರಿಸಿನದ ಹಾಲು ಕುಡಿದೆ, ಉಪ್ಪುನೀರು ಮುಕ್ಕಳಿಸಿದೆ. ದನಿ ಬರಬರುತ್ತ ತಗಡು ಎಳೆದ ಹಾಗಾಯಿತು. ಕಡೆಗೆ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ದನಿಯ ತಂತಿಯ ಮೇಲೆ ಒಂದು ಗಂಟು ಇದೆ ಎಂದರು. ತೆಗೆಯಬೇಕು, ತೆಗೆದು ಪರೀಕ್ಷೆಗೆ ಕಳಿಸಬೇಕು. ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು ಆಕೆ, ಮರಾಠಿಯವರು, ಮಾತು ನಿಧಾನ. ಪರೀಕ್ಷೆ ಯಾಕೆ ಎಂದು ನಾನು ಕೇಳಲಿಲ್ಲ. ಕೇಳದೆಯೇ ತಿಳಿದಿತ್ತು.

ಆಪರೇಷನ್ ಆದ ಮೇಲೆ ತಾವು ಹೇಳುವವರೆಗೆ ಒಂದು ಮಾತೂ ಆಡಕೂಡದು, ಎಂದರು ಡಾಕ್ಟರು. ಪಿಸುಮಾತೂ ಇಲ್ಲ, ಅದು ಕೂಗುವುದಕ್ಕಿಂತ ಕೆಟ್ಟದ್ದು. ಜೋರಾಗಿ ನಗುವುದೂ ಬೇಡ. "ಆಮೇಲೆ ನನ್ನ ದನಿ ಮೊದಲಿನ ಹಾಗೆ ಬರುತ್ತದೆಯೇ?" ಎಂದು ಕೇಳಿದೆ. ನೋಡೋಣ, ಎಂದರು. ವೈದ್ಯರ ಬಾಯಲ್ಲಿ ಆ ಶಬ್ದ ಕೇಳಲು ಚೆನ್ನಾಗಿರುವುದಿಲ್ಲ.

ಕಾಲೇಜುಗಳ ನಡುವಿನ ಪಂದ್ಯಾವಳಿ ಸರಿಯಾಗಿ ಆ ಮೌನದ ವೇಳೆಗೇ ಬರುತ್ತಿತ್ತು. ಮನೆಗೆ ಬರುವಾಗ ರಿಕ್ಷಾದಲ್ಲಿ ನಾನು, ಆಪರೇಷನ್ನನ್ನು ಪಂದ್ಯ ಮುಗಿದ ಮೇಲೆ ಇಟ್ಟುಕೊಂಡರೆ ಏನಾಗುತ್ತದೆ ಎಂದೆ. ಯಜಮಾನರು ಎಂದೂ ಸಿಟ್ಟಾಗುವವರಲ್ಲ, ಅವತ್ತು ಆದರು.

"ಆಟ ಮುಂದಿನ ವರ್ಷನೂ ಇರ್ತದ. ಗಂಟಲಾ ಒಂದ ಅದ."

"ನಾ ಇಲ್ಲಂದ್ರ ಆ ಹುಡುಗ್ಯಾರಿಗೆ ಯಾರು ಕೂಗಿ ಹೇಳ್ತಾರ್ರಿ?"

"ಯಾರೂ ಹೇಳೂದು ಬ್ಯಾಡ. ನೀ ಇರಬೇಕು, ಅಷ್ಟ."

ಆಪರೇಷನ್ನಿಗೆ ದಿನ ಗೊತ್ತುಮಾಡಿದೆವು. ಕಾಲೇಜಿನಲ್ಲಿಯೂ ವಿಷಯ ಹರಡಿತ್ತು. ಬೇಕಾದರೆ ಈ ವರ್ಷ ವಿಶ್ರಾಂತಿ ತೆಗೆದುಕೊಳ್ಳಿ, ಯಾರಾದರೂ ಹರೆಯದವರನ್ನು ಕರೆಸೋಣ ಎಂದು ಮೇಲಿನವರು ಬಹಳ ನಯವಾಗಿ ಹೇಳಿದರು. ಹಾಗೆ ನಯವಾಗಿ ಹೇಳಿದ್ದೇ ನನ್ನನ್ನು ಹೆದರಿಸಿತು. ಗಂಟು ಯಾವ ಜಾತಿಯದೋ ಎಂಬ ಭಯ ಒಂದು ಕಡೆ. ಅದು ಸಾಧು ಗಂಟೇ ಆಗಿದ್ದರೂ ದನಿ ಹೋದರೆ ನಾನು ಯಾವ ಕೋಚು ಎಂಬ ಭಯ ಇನ್ನೊಂದು ಕಡೆ. ನನಗೆ ಗೊತ್ತಿದ್ದ ಕೆಲಸ ಇದೊಂದೇ. ಅದನ್ನು ನಾನು ಬಾಯಿಂದಲೇ ಮಾಡುತ್ತ ಬಂದಿದ್ದೆ.

ಆಪರೇಷನ್ ಸರಳವಾಗಿ ಮುಗಿಯಿತು. ಮೌನ ಸರಳವಾಗಿರಲಿಲ್ಲ. ತಿಂಡಿಗೆ ಕರೆಯಲು ನಾನು ಅಡಿಗೆಮನೆಯಿಂದ ಚಪ್ಪಾಳೆ ತಟ್ಟುತ್ತಿದ್ದೆ, ಯಜಮಾನರು ಸ್ನಾನದ ಮನೆಯಿಂದ "ಏನs?" ಎನ್ನುತ್ತಿದ್ದರು, ನಾನು ಇನ್ನೂ ಜೋರಾಗಿ ತಟ್ಟುತ್ತಿದ್ದೆ. ಎರಡೂ ಕಡೆಯ ಮಾತನ್ನು ಅವರೇ ಆಡತೊಡಗಿದರು. "ಪಲ್ಯಾಕ್ಕ ಉಪ್ಪು ಕಮ್ಮಿ ಆಗೇದ. ಹೌದ್ರಿ, ನಾಳಿಂದ ಸರಿ ಹಾಕ್ತೀನ್ರಿ. ಇರಲಿ ಬಿಡು, ನೀ ಇಷ್ಟ ವಿನಯದಿಂದ ಹೇಳ್ತಿ ಅಂದ್ರ ಏನ ಮಾಡೂದು." ನಗಬಾರದೆಂದು ನಾನು ಅವರ ಬೆನ್ನಿಗೆ ಗುದ್ದಿ ಎದ್ದು ಹೋಗುತ್ತಿದ್ದೆ. ಆದರೆ ಅವರೂ ಹೆದರಿದ್ದರು. ಫೋನು ಬಂದಾಗಲೆಲ್ಲ ಬಾಲ್ಕನಿಗೆ ಹೋಗಿ ಎತ್ತುತ್ತಿದ್ದರು, ಆಸ್ಪತ್ರೆಯದಲ್ಲ ಎಂದು ಗೊತ್ತಾದ ಮೇಲೆ ಒಳಗೆ ಬರುತ್ತಿದ್ದರು.

ಬಾಯಿ ಮುಚ್ಚಿಕೊಂಡು ಕೂಡುವುದಾದರೆ ಪಂದ್ಯಕ್ಕೆ ಹೋಗಬಹುದು ಎಂದು ಡಾಕ್ಟರು ಒಪ್ಪಿದ್ದರು. ಮೊದಲ ಸುತ್ತುಗಳಲ್ಲಿ ಸಿಕ್ಕವು ಸುಲಭದ ತಂಡಗಳು, ನಾನು ಮನೆಯಲ್ಲಿದ್ದಾಗಲೇ ನಮ್ಮ ಹುಡುಗಿಯರು ಫೈನಲ್ ತಲುಪಿದ್ದರು. ಆಟ ಖಡಕಿಯ ಕಡೆ, ಒಂದು ದೊಡ್ಡ ಹಾಲಿನಲ್ಲಿ. ಎದುರಾಳಿಗಳು ಹಿಂದಿನ ಸಲ ನಮ್ಮನ್ನು ಸೋಲಿಸಿದವರೇ. ನಾಯಕಿಯ ತಂದೆ ಕಾರ್ಖಾನೆಯ ಗೆಳೆಯರನ್ನೆಲ್ಲ ಕರೆದುಕೊಂಡು ಬಂದು ಒಂದು ಸಾಲು ತುಂಬಿದ್ದರು. ಯಜಮಾನರು ನನ್ನ ಬೆಂಚಿನ ಹಿಂದೆ ನೀರಿನ ಬಾಟಲಿ ಹಿಡಿದು, ನನ್ನ ಬಾಯಿಯ ಮೇಲೆಯೇ ಕಣ್ಣಿಟ್ಟು ಕೂತರು. ಎದುರಾಳಿಗಳ ಢೋಲು ಶುರುವಾಯಿತು.

ಆಟ ನಮ್ಮದಾಗಿರಲಿಲ್ಲ. ಹುಡುಗಿಯರು ಓಡುತ್ತಿದ್ದರು, ಹಿಡಿಯುತ್ತಿದ್ದರು, ಕಲಿಸಿದ್ದನ್ನೆಲ್ಲ ಮಾಡುತ್ತಿದ್ದರು, ಆದರೂ ಚೆಂಡು ಅಲ್ಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಏನೋ ಕಮ್ಮಿ ಇತ್ತು. ಏನೆಂದು ಹೊಳೆಯಲು ನನಗೆ ಬಹಳ ಹೊತ್ತು ಬೇಕಾಯಿತು. ನಮ್ಮ ಹುಡುಗಿಯರು ಮಾತಾಡುತ್ತಿರಲಿಲ್ಲ. ಬೇರೆ ತಂಡದವರ ಹಾಗೆ ಮೂಕರಾಗಿ ಆಡುತ್ತಿದ್ದರು. ಒಬ್ಬಳೂ "ಇಕಡೆ" ಎನ್ನುತ್ತಿರಲಿಲ್ಲ. ಮಧ್ಯೆ ಮಧ್ಯೆ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು. ನಾನು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದೆ. ನನ್ನ ಬಾಯಿ ಇಲ್ಲದಿದ್ದರೆ ಇವರು ಹೀಗೆಯೇ, ಇನ್ನು ಮುಂದೆ ನನ್ನ ಗತಿಯೂ ಹೀಗೆಯೇ ಎಂದುಕೊಂಡೆ.

ಕೊನೆಯ ಭಾಗದಲ್ಲಿ ನಾವು ಹಿಂದೆ ಬಿದ್ದಾಗ ಒಂದು ಅಂಗೈ ಮೇಲೆ ಇನ್ನೊಂದು ಕೈಯ ಬೆರಳು ಊರಿ ಟೈಮ್-ಔಟ್ ಕೇಳಿದೆ. ಅದಕ್ಕೆ ಮಾತು ಬೇಡ. ಹುಡುಗಿಯರು ಬೆವರು ಸುರಿಸುತ್ತ ಸುತ್ತ ನಿಂತರು, ಅಭ್ಯಾಸಬಲದಿಂದ ನನ್ನ ಬಾಯಿಯನ್ನೇ ನೋಡಿದರು. ನಾನು ಭೋರ್‌ನ ಹುಡುಗಿಯನ್ನು ತೋರಿಸಿದೆ, ರಿಂಗನ್ನು ತೋರಿಸಿದೆ, ಕೈ ಎತ್ತಿ ಹಾಕುವ ಹಾಗೆ ಮಾಡಿದೆ. ಅವಳು ಅರ್ಥವಾಗದೆ ನೀರು ಬೇಕೇ ಎಂದು ಬಾಟಲಿ ಚಾಚಿದಳು.

ಆಗ ನಾಯಕಿ ಉಳಿದವರ ಮೇಲೆ ಹರಿಹಾಯ್ದಳು. "ಮ್ಯಾಡಮ್ ಇವತ್ತು ಹಾಕ್ ಅನ್ನೋ ಹಾಗಿಲ್ಲ, ಅದು ಗೊತ್ತಿದೆ ತಾನೆ? ಅವರು ಅನ್ನಲಿ ಅಂತ ಕಾಯ್ತಾ ನಿಂತಿದ್ದೀರಾ? ಅವರು ಅನ್ನದಿದ್ದರೆ ನಾವು ಒಬ್ಬರನ್ನೊಬ್ಬರು ಕರೆಯಬಾರದಾ? ಹಾಕ ಮಾರಾ ಗ ಸಗಳ್ಯಾ!" ಮರಾಠಿಯ ಆ ಕೊನೆಯ ಮಾತಿಗೆ ಅರ್ಥ ಇಷ್ಟೇ, ಎಲ್ಲರೂ ಕೂಗಿ ಕರೆಯಿರಿ.

ಮರಾಠಿಯಲ್ಲಿ ಹಾಕ ಎಂದರೆ ಕರೆ. ಯಾರನ್ನಾದರೂ ಕೂಗಿ ಕರೆಯುವುದು. ನನಗೆ ಗೊತ್ತಿಲ್ಲದ ಶಬ್ದವೇನಲ್ಲ. ನಮ್ಮ ಕೆಳಗಿನ ಮನೆಯಾಕೆ ದಿನಾ ಸಂಜೆ ಗಂಡನಿಗೆ ಹೇಳುವುದು ಇದನ್ನೇ, ಮಗನಿಗೆ ಹಾಕ ಮಾರು, ಊಟಕ್ಕೆ ಬರಲಿ, ಎಂದು. ಎಷ್ಟೋ ವರ್ಷದಿಂದ ಕಿವಿಗೆ ಬೀಳುತ್ತಿದ್ದ ಶಬ್ದ ನನ್ನ ಬಾಯಿಂದಲೇ ಹೊರಡುತ್ತಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಚೆಂಡು ರಿಂಗಿಗೆ ಹಾಕು ಎಂದು ನಾನು ಕನ್ನಡದಲ್ಲಿ ಅರಚುತ್ತಿದ್ದೆ. ಒಬ್ಬರನ್ನೊಬ್ಬರು ಕರೆಯಿರಿ ಎಂದು ಅವರು ಮರಾಠಿಯಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಹಳಬರು ಹೊಸಬರಿಗೆ ಹೇಳಿಕೊಟ್ಟಿದ್ದರು, ಹೊಸಬರು ಹಳಬರಾಗಿ ಮತ್ತೆ ಹೊಸಬರಿಗೆ. ಊರಿಗೆಲ್ಲ ಹೆಸರಾದ ನಮ್ಮ ತಂಡದ ಮಾತುಗಾರಿಕೆ ಹುಟ್ಟಿದ್ದು ಅಲ್ಲಿ. ಇದನ್ನೇ ನಾನು ಅಭ್ಯಾಸದಿಂದ ಬರಬೇಕು ಎಂದು ಬೇರೆ ಕೋಚ್‌ಗಳಿಗೆ ಬೋಧಿಸಿದ್ದೆ.

ನಗು ಬಂತು. ಎಂಥ ನಗು ಎಂದರೆ ತಡೆಯಲಾಗದ ನಗು, ಅದೂ ನಗುವ ಹಾಗಿಲ್ಲದಾಗ. ಟವೆಲನ್ನು ಬಾಯಿಗೆ ಒತ್ತಿಕೊಂಡು ಬಗ್ಗಿದೆ. ಭುಜ ಕುಣಿಯುವುದನ್ನು ನೋಡಿ ಅಳುತ್ತಿದ್ದೇನೆಂದು ತಿಳಿದ ಯಜಮಾನರು ಹಿಂದಿನಿಂದ ಬಗ್ಗಿ, "ನೋವಾತೇನು? ಹೋಗೂಣೇನು ಮನಿಗೆ?" ಎಂದರು. ನಾನು ತಲೆ ಅಲ್ಲಾಡಿಸಿದೆ. ಹುಡುಗಿಯರೂ ಅಳುವೆಂದೇ ತಿಳಿದಿರಬೇಕು. ಮುಖ ಗಟ್ಟಿ ಮಾಡಿಕೊಂಡು ಕೋರ್ಟಿಗೆ ಇಳಿದರು.

ಇಳಿದವರೇ ಬಾಯಿ ಬಿಟ್ಟರು. ಒಬ್ಬಳು ಕರೆದರೆ ಇನ್ನೊಬ್ಬಳು ಓಗೊಟ್ಟಳು. ಇಕಡೆ, ಹಿಂದೆ ನೋಡು, ನಾನಿದ್ದೇನೆ, ಕೊಡು. ಢೋಲಿನ ಕೆಳಗೆ ಅಲ್ಲ, ಢೋಲಿನ ಮೇಲೆಯೇ ಅವರ ದನಿ ಹರಿದಾಡಿತು. ಕಾರ್ಖಾನೆಯ ಸಾಲಿನವರು ಎದ್ದು ನಿಂತರು. ಚೆಂಡು ಕೈಯಿಂದ ಕೈಗೆ ಹೋಗತೊಡಗಿತು, ಎದುರಾಳಿಗಳು ಯಾರ ಹಿಂದೆ ಓಡುವುದೆಂದು ತಿಳಿಯದೆ ತಡಬಡಾಯಿಸಿದರು. ಅಂಕ ಸಮನಾಯಿತು. ಕೊನೆಯ ಚೆಂಡು ಭೋರ್‌ನ ಹುಡುಗಿಗೆ ರಿಂಗಿನ ಕೆಳಗೆ ಸಿಕ್ಕಿತು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು, ಹಿಂದಿನಿಂದ ಯಜಮಾನರು ಬಾಟಲಿಯಿಂದ ನನ್ನ ಬೆನ್ನಿಗೆ ತಿವಿದರು, ಮುಚ್ಚಿಕೊಂಡೆ. ಅವಳು ಹಾಕಲಿಲ್ಲ. ನಾಯಕಿಯನ್ನು ಕರೆದು ಕೊಟ್ಟಳು. ನಾಯಕಿ ಹಾಕಿದಳು. ನಾವು ಗೆದ್ದೆವು.

ಹುಡುಗಿಯರು ಬಂದು ನನ್ನ ಮೇಲೆ ಬಿದ್ದರು. ಎಲ್ಲರೂ ಏನೇನೋ ಅರಚುತ್ತಿದ್ದರು, ನಾನೊಬ್ಬಳೇ ಬಾಯಿ ಮುಚ್ಚಿಕೊಂಡಿದ್ದೆ. ನನಗೆ ಸಂತೋಷವಾಗಿತ್ತು, ಆದರೆ ಅದರ ತಳದಲ್ಲಿ ಆ ಗಂಟು ಇನ್ನೂ ಕೂತಿತ್ತು.

ಆಸ್ಪತ್ರೆಯ ಫೋನು ಬಂದು ನಾವಿಬ್ಬರೂ ಹೋದೆವು. ಡಾಕ್ಟರು ನಮ್ಮನ್ನು ಕೂರಿಸುವ ಮೊದಲೇ ಹೇಳಿಬಿಟ್ಟರು, ಅದಕ್ಕೆ ಆಕೆಗೆ ಪುಣ್ಯ ಬರಲಿ. ಸಾದಾ ಗಂಟು, ಕೂಗಿ ಕೂಗಿ ಬಂದದ್ದು, ಬೇರೇನಿಲ್ಲ. ಯಜಮಾನರು ಕುರ್ಚಿ ಹಿಡಿದು ಮೆಲ್ಲಗೆ ಕೂತರು, ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ನಾನೂ ಅವರ ಪಕ್ಕ ಕೂತೆ.

"ಈಗ ಏನಾದರೂ ಮಾತಾಡಿ ನೋಡೋಣ. ಮೆಲ್ಲಗೆ. ಒಂದೇ ಶಬ್ದ ಸಾಕು" ಎಂದರು ಡಾಕ್ಟರು. ಆಮೇಲೆ ಯಜಮಾನರನ್ನು ನೋಡಿ ನಕ್ಕು, "ನಾವ ಘ್ಯಾ" ಎಂದರು. ಇಲ್ಲಿ ಮದುವೆ ಮುಂಜಿಗಳಲ್ಲಿ ಹೆಂಗಸರನ್ನು ಹಿಡಿದು ನಿಲ್ಲಿಸಿ, ಗಂಡನ ಹೆಸರು ಹೇಳು ಎಂದು ಪೀಡಿಸುವುದು ಹೀಗೆಯೇ. ಯಜಮಾನರು ಅಂಗಿ ಸರಿಮಾಡಿಕೊಂಡರು. ಮೊದಲ ಮಾತು ಏನಾಡಬೇಕೆಂದು ಅಷ್ಟು ದಿನ ಯೋಚಿಸಿದ್ದೆ. ದೇವರ ಹೆಸರು, ತೌರಿನ ಹೆಸರು, ಇವರ ಹೆಸರೂ ಹೊಳೆದದ್ದಿದೆ. ಬಾಯಿ ತೆರೆದೆ. ಬಂದದ್ದು, "ಹಾಕ್."

ಸಣ್ಣ ದನಿ. ನನ್ನದೇ, ಆದರೆ ತೆಳ್ಳಗಾದದ್ದು. ಡಾಕ್ಟರು ಬಾಗಿಲ ಕಡೆ ನೋಡಿ, "ಯಾರನ್ನು ಕರೆಯಬೇಕು?" ಎಂದು ಕೇಳಿದರು.

ಈ ಸಲ ನಗಲು ಅಪ್ಪಣೆ ಇತ್ತು, ಮೆಲ್ಲಗೆ. ಡಾಕ್ಟರಿಗೆ ಕಥೆಯನ್ನೆಲ್ಲ ಯಜಮಾನರೇ ವಿವರಿಸಿದರು, ಉಪ್ಪು ಖಾರ ಹಚ್ಚಿ. ಆಕೆಯೂ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು, ದನಿ ಇನ್ನಷ್ಟು ತಿಳಿಯಾಗುತ್ತದೆ, ಮಾತಿಗೆ ತೊಂದರೆಯಿಲ್ಲ, ಆದರೆ ಕೂಗುವುದು ಇಲ್ಲಿಗೆ ಮುಗಿಯಿತು. ಇನ್ನು ಯಾವತ್ತೂ ಬೇಡ.

ಮತ್ತೆ ಕೋರ್ಟಿಗೆ ಹೋದ ಬೆಳಿಗ್ಗೆ ಭೋರ್‌ನ ಹುಡುಗಿ ಎಲೆ ಗುಡಿಸುತ್ತಿದ್ದಳು. ಎಲ್ಲರೂ ಬಂದರು. ನಾನು ಮೆಲ್ಲನೆಯ ದನಿಯಲ್ಲಿ ಶುರುಮಾಡಿದಾಗ ಅವರು ಕೇಳಿಸದೆ ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. ಇಷ್ಟು ವರ್ಷಗಳಲ್ಲಿ ನನ್ನ ಮಾತು ಕೇಳಲು ಹುಡುಗಿಯರು ಹತ್ತಿರ ಬಂದದ್ದು ಅದೇ ಮೊದಲು. ಮೊದಲೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಾಕ್ ಎಂದರೆ ನನ್ನ ಭಾಷೆಯಲ್ಲಿ ಏನೆಂದು ಹೇಳಿದೆ. ನಾಯಕಿ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು, ಉಳಿದವರೂ ನಕ್ಕರು.

ಭೋರ್‌ನ ಹುಡುಗಿ ನಗಲಿಲ್ಲ. ಚೆಂಡನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಹಾಗಾದರೆ ನನಗೂ ಅದನ್ನೇ ಹೇಳುತ್ತಿದ್ದಿರಾ ಮ್ಯಾಡಮ್? ಹಾಕು ಅಂತ?"

"ಹೌದು."

"ನಾನು ಬೇರೆ ಅರ್ಥ ಮಾಡಿಕೊಂಡಿದ್ದೆ. ನನ್ನ ಕೈಗೆ ಚೆಂಡು ಬಂದಾಗಲೇ ನೀವು ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದಿರಿ. ನಿನ್ನಿಂದ ಆಗುವುದಿಲ್ಲ, ಬೇಗ ಬೇರೆಯವರನ್ನು ಕರೆ ಅನ್ನುತ್ತಿದ್ದೀರಿ ಅಂತ."

ಈ ಹುಡುಗಿ ಒಬ್ಬಳೇ ಬಂದು ಎಲೆ ಗುಡಿಸಿ ಅಷ್ಟು ಬೆಳಿಗ್ಗೆ ಅಷ್ಟು ಚೆಂಡು ಯಾಕೆ ಹಾಕುತ್ತಿದ್ದಳೆಂದು ಈಗ ತಿಳಿಯಿತು. ಅವಳ ತೋಳು ಹಿಡಿದು ಹೇಳಿದೆ, "ನಿನ್ನಿಂದಲೇ ಆಗುತ್ತದೆ ಅಂತ ಕೂಗುತ್ತಿದ್ದೆ. ಅದಕ್ಕೇ ಅಷ್ಟು ಜೋರು." ಅವಳು ಎಂದಿನ ಹಾಗೆ "ಹೋ ಮ್ಯಾಡಮ್" ಎಂದಳು. ಈ ಸಲ ತಲೆ ತಗ್ಗಿಸಲಿಲ್ಲ.

ಹುಡುಗಿಯರನ್ನು ಎರಡು ತಂಡ ಮಾಡಿ ಆಡಲು ಬಿಟ್ಟೆ. ಅಷ್ಟರಲ್ಲಿ ನಾಯಕಿ ನನ್ನ ಕಿವಿಯ ಹತ್ತಿರ ಬಂದು, ಬರುವ ವರ್ಷದ ಹೊಸಬರಿಗೆ ಇದನ್ನು ಹೇಳಬೇಡಿ ಮ್ಯಾಡಮ್, ಅವರು ಮೊದಲು ಕರೆಯುವುದನ್ನು ಕಲಿಯಲಿ, ಹಾಕುವುದನ್ನು ಆಮೇಲೆ ಹೇಳೋಣ ಎಂದಳು. ಸರಿ ಎಂದೆ. ಇದಕ್ಕಿಂತ ಒಳ್ಳೆಯ ಪಾಠಕ್ರಮ ನನ್ನ ತಲೆಗೆ ಬರುತ್ತಿರಲಿಲ್ಲ.

ಗೆರೆಯ ಹೊರಗೆ ಬೇವಿನ ಕೆಳಗೆ ನಿಂತೆ. ಕೋರ್ಟಿನ ಆ ತುದಿಯಲ್ಲಿ, ರಿಂಗಿನ ಹತ್ತಿರ, ಭೋರ್‌ನ ಹುಡುಗಿಗೆ ಚೆಂಡು ಸಿಕ್ಕಿತು. ಅಲ್ಲಿಯವರೆಗೆ ನನ್ನ ದನಿ ಇನ್ನು ಯಾವತ್ತೂ ಹೋಗುವುದಿಲ್ಲ. ಮಾತಾಡುವಷ್ಟೇ ಮೆಲ್ಲಗೆ, ಅಭ್ಯಾಸಕ್ಕೆಂದು, "ಹಾಕ್" ಎಂದೆ. ಗೆರೆಯ ಹತ್ತಿರ ಓಡುತ್ತಿದ್ದವಳಿಗೆ ಅದು ಕೇಳಿತು, ಅವಳು ಜೋರಾಗಿ "ಹಾಕ್" ಎಂದಳು, ನಡುವಿನಲ್ಲಿದ್ದ ನಾಯಕಿ ಇನ್ನೂ ಜೋರಾಗಿ ಎಂದಳು. ಉದ್ದನೆಯ ಹುಡುಗಿ ತಲೆ ಎತ್ತಿ ನಾಯಕಿಯ ಹೆಸರು ಹಿಡಿದು ಕರೆದಳು. ಎದುರಿಗಿದ್ದವರೆಲ್ಲ ನಾಯಕಿಯ ಕಡೆ ತಿರುಗಿದರು. ಇವಳು ತಾನೇ ಚೆಂಡು ಹಾಕಿದಳು. ಬೋರ್ಡಿಗೆ ತಾಗದೆ ಬಲೆಯೊಳಗೆ ಇಳಿದ ಸದ್ದು ನಾನು ನಿಂತಲ್ಲಿಗೇ ಕೇಳಿತು.